ಹರಳಿಗೆ ಹೆದರದ ನೀರು

"ಗೇಟ್ ತೆಗೀಬ್ಯಾಡ್ರಿ! ಅಲ್ಲೇ ಕಟ್ಟಿ ಮ್ಯಾಲೆ ಕೂಡ್ರಿ!"

ತನ್ನದೇ ಮನೆಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ ನಿಂತು ಜಗದೇವಿ ಕೂಗಿದಳು. ಒಳಗಿನಿಂದ ಗೇಟಿನ ಕಡೆಗೆ ಹೊರಟಿದ್ದ ಅವಳ ಗಂಡ ವೈಜನಾಥ ಅರ್ಧ ದಾರಿಯಲ್ಲೇ ನಿಂತ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಸೊಂಟದ ಮೇಲೆ ಕೈ ಇಟ್ಟು ನಿಂತರೆ ಈಗಲೂ ಸೀಟಿ ಊದುತ್ತಾನೇನೋ ಅನ್ನಿಸುತ್ತಿತ್ತು.

"ಎಷ್ಟ್ ದಿನ ಹಿಂಗ ಬೀದ್ಯಾಗ ನಿಂತು ಸಂಸಾರ ಮಾಡ್ತಿ? ಮಂದಿ ನೋಡಿ ನಗ್ಲತ್ತಾರ."

"ನಗ್ಲಿ. ಔಷಧ ತೊಗೊಂಡ್ರಿಲ್ಲೊ?"

"ತೊಗೊಂಡೀನಿ ತಾಯಿ."

"ಬಾಟ್ಲಿ ತೋರ್ಸ್ರಿ. ಬಿಸಿಲಿಗಿ ಹಿಡೀರಿ."

ಅವನು ಗೊಣಗುತ್ತ ಒಳಗೆ ಹೋಗಿ ಪುಟ್ಟ ಬಾಟಲಿ ತಂದು ಬಿಸಿಲಿಗೆ ಹಿಡಿದ. ಅಷ್ಟು ದೂರದಿಂದಲೂ ಅದು ತಿಳಿಯಾಗಿಯೇ ಕಂಡಿತು. ಜಗದೇವಿಗೆ ಹೋದ ಜೀವ ಬಂದಂತಾಯಿತು. ಆದರೆ ಅವಳ ಜೀವ ಈಗೀಗ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತಿತ್ತೋ ಲೆಕ್ಕವಿಲ್ಲ. ರೊಟ್ಟಿ ಬಡಿಯಲು ಬಾರದ ಗಂಡ ಏನು ತಿಂದ, ನಿದ್ದೆ ಬಂತೋ ಇಲ್ಲವೋ ಎಂದು ಇನ್ನೂ ನಾಲ್ಕು ಮಾತು ಕೂಗಿ ಕೇಳಿ, ತಲೆಯ ಮೇಲಿನ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕಂಪನಿಯ ಹಾಸ್ಟೆಲಿಗೆ ಹೊರಟಳು. ಸೆರಗಿನ ಕೆಳಗೆ ಅವಳ ತಲೆ ಬೋಳಾಗಿತ್ತು. ಕೂದಲಲ್ಲಿ ಹರಳು ಕೂರುತ್ತದೆಂದು ಪ್ರಯೋಗಾಲಯದವರೆಲ್ಲ ತಲೆ ಬೋಳಿಸಿಕೊಂಡಿದ್ದರು.

ಬೀದರಿನ ಆ ಔಷಧ ಕಂಪನಿಯಲ್ಲಿ ಜಗದೇವಿಯದು ಕರಗಿಸುವ ಕೆಲಸ. ಯಾವ ಔಷಧ ಯಾವ ದ್ರವದಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಕರಗುತ್ತದೆ ಎಂದು ಅಳೆಯುವುದು. "ಚಾದಾಗ ಸಕ್ರಿ ಕಲಸ್ಲಾಕ ಎಮ್ಮೆಸ್ಸಿ ಓದ್ಬೇಕಾ?" ಎಂದು ವೈಜನಾಥ ಮದುವೆಯ ಹೊಸದರಲ್ಲಿ ಕಾಡಿಸುತ್ತಿದ್ದ. ಆ ಸಕ್ಕರೆ ಕಲಸುವ ವಿದ್ಯೆಯನ್ನೇ ತನ್ನ ಉಸಿರು ನೆಚ್ಚಿಕೊಳ್ಳುವ ದಿನ ಬರುತ್ತದೆಂದು ಅವನಿಗೇನು ಗೊತ್ತಿತ್ತು?

ಕೆಲವು ವರ್ಷಗಳ ಹಿಂದೆ ಒಂದು ಜ್ವರ ದೇಶವನ್ನೆಲ್ಲ ಸುತ್ತಿ ಹೋಗಿತ್ತು. ಹೋಗುವಾಗ ಲಕ್ಷಾಂತರ ಜನರ ಎದೆಬಡಿತದ ತಾಳ ಕೆಡಿಸಿಯೇ ಹೋಯಿತು. ವಾಲಿಬಾಲ್ ಅಂಗಳದಲ್ಲಿ ಚೆಂಡಿಗಿಂತ ಮುಂಚೆ ಹಾರುತ್ತಿದ್ದ ವೈಜನಾಥನೂ ಅದಕ್ಕೆ ಸಿಕ್ಕಿದ. ಬೇರೆ ಯಾವ ಔಷಧವೂ ಅವನಿಗೆ ಒಗ್ಗಲಿಲ್ಲ, ಒಗ್ಗಿದ್ದು ಲಯರಿನ್ ಒಂದೇ. ದಿನವೂ ಕೆಲವು ಹನಿ ನಾಲಿಗೆಗೆ ಬಿದ್ದರೆ ಎದೆ ತಾಳಕ್ಕೆ ಬರುತ್ತಿತ್ತು. ಬೀಳದಿದ್ದರೆ ತಡವರಿಸುತ್ತಿತ್ತು, ಹೆಚ್ಚು ದಿನ ಬೀಳದಿದ್ದರೆ ನಿಂತೇ ಹೋಗುತ್ತಿತ್ತು. ಹಾಗೆ ಅವನ ಶಾಲೆಯ ಗುಮಾಸ್ತರೊಬ್ಬರದು ನಿಂತಾಗಿತ್ತು.

ಲಯರಿನ್ ಹೋದ ವರ್ಷದವರೆಗೆ ಎಲ್ಲ ಔಷಧದ ಅಂಗಡಿಗಳಲ್ಲೂ ಸಿಗುತ್ತಿತ್ತು. ಆಮೇಲೆ ಹುಟ್ಟಿತು ಗಟ್ಟಿ ಹರಳು.

ಒಂದೇ ಔಷಧದ ಕಣಗಳು ಹರಳು ಕಟ್ಟುವಾಗ ಬೇರೆ ಬೇರೆ ಬಗೆಯಲ್ಲಿ ಸಾಲು ನಿಲ್ಲಬಹುದು. ಪ್ರಾರ್ಥನೆಗೆ ನಿಂತ ಮಕ್ಕಳು ತೋಳಳತೆ ಬಿಟ್ಟು ನಿಲ್ಲಬಹುದು, ಭುಜಕ್ಕೆ ಭುಜ ತಾಗಿಸಿಯೂ ನಿಲ್ಲಬಹುದು. ಮಕ್ಕಳು ಅವರೇ, ನಿಂತ ರೀತಿ ಬೇರೆ. ಮೊದಲಿನಿಂದ ಎಲ್ಲರೂ ಬಲ್ಲ ಲಯರಿನ್ ಸಡಿಲವಾಗಿ ನಿಂತದ್ದು, ನೀರಿನಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುತ್ತಿತ್ತು. ಹೊಸದು ಒತ್ತಾಗಿ ನಿಂತದ್ದು. ಅದನ್ನು ಬಿಡಿಸಲು ನೀರಿಗೆ ಶಕ್ತಿ ಸಾಲುತ್ತಿರಲಿಲ್ಲ. ನುಂಗಿದರೆ ಮರಳು ನುಂಗಿದಂತೆ, ಬಂದಂತೆಯೇ ಹೊರಗೆ ಹೋಗುತ್ತಿತ್ತು.

ಅಷ್ಟೇ ಆಗಿದ್ದರೆ ಗಟ್ಟಿಯನ್ನು ಚರಂಡಿಗೆ ಚೆಲ್ಲಿ ಹಳೆಯದನ್ನೇ ಮಾಡಿಕೊಳ್ಳಬಹುದಿತ್ತು. ಹಾಗಾಗಲಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಗಟ್ಟಿಯ ಒಂದೇ ಒಂದು ಕಣ ಬಿದ್ದರೂ ಹಳೆಯ ಲಯರಿನ್ ಕರಗಿದ್ದ ದ್ರಾವಣವೆಲ್ಲ ಅದನ್ನೇ ನೋಡಿ ಅದರಂತೆಯೇ ಕಟ್ಟಿಕೊಂಡು ತಳಕ್ಕೆ ಇಳಿಯುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಕೂದಲಲ್ಲಿ, ಉಗುರಿನ ಸಂದಿಯಲ್ಲಿ, ಸೀರೆಯ ನಿರಿಗೆಯಲ್ಲಿ ಕೂತು ಊರೂರು ತಿರುಗಿತು. ಒಂದಾದ ಮೇಲೊಂದು ಕಾರ್ಖಾನೆಯಲ್ಲಿ ಹಳೆಯ ಲಯರಿನ್ ಹುಟ್ಟುವುದೇ ನಿಂತಿತು. ಅದೇ ಯಂತ್ರ, ಅದೇ ವಿಧಾನ, ಅದೇ ಜನ, ಹುಟ್ಟುವುದು ಮಾತ್ರ ಗಟ್ಟಿ.

ಇದು ಮೊದಲು ಎಲ್ಲಿ ಹುಟ್ಟಿತು ಎಂಬುದನ್ನು ಕಂಪನಿ ಯಾರಿಗೂ ಹೇಳಿಲ್ಲ. ಜಗದೇವಿಗೆ ಗೊತ್ತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಪ್ರಯೋಗಾಲಯದ ಎಲ್ಲ ಉಪಕರಣಗಳಿಗೂ ವಿಭೂತಿ, ಕುಂಕುಮ, ಚೆಂಡುಹೂವು. ಅದು ಅಲ್ಲಿಯ ಪದ್ಧತಿ. ತನ್ನ ಗಾಜಿನ ಪಾತ್ರೆಯ ಮುಚ್ಚಳಕ್ಕೆ ಜಗದೇವಿ ತಾನೇ ಕೈಯಾರೆ ಕುಂಕುಮ ಹಚ್ಚಿದ್ದಳು. ಮರುದಿನ ಅದೇ ಪಾತ್ರೆಯಲ್ಲಿ, ಎಂದಿನ ಸೂಜಿಯಂಥ ಹರಳುಗಳ ಬದಲು ಹೊಳೆಯುವ ಚಪ್ಪಟೆ ಹರಳುಗಳು ಕೂತಿದ್ದವು. ಒಳಗೆ ಉದುರಿದ ಕುಂಕುಮದ ಕಣವೇ ಅವುಗಳಿಗೆ ಕೂರಲು ಮಣೆ ಹಾಕಿಕೊಟ್ಟಿತೋ ಏನೋ, ಸಾಬೀತಾಗಿಲ್ಲ. ಆದರೆ ಆಮೇಲೆ ಮಾಡಿದ್ದಕ್ಕೆ ಸಾಬೀತು ಬೇಕಿಲ್ಲ. ಹೊಸ ಹರಳು ಸಿಕ್ಕ ಸಂಭ್ರಮದಲ್ಲಿ ಕಂಪನಿಯವರು ಅದನ್ನು ಪುಟ್ಟ ಪುಟ್ಟ ಸೀಸೆಗಳಲ್ಲಿ ತುಂಬಿ, ಪ್ರಸಾದ ಹಂಚಿದ ಹಾಗೆ, ಪರಿಚಯದ ಕಾರ್ಖಾನೆಗಳಿಗೆಲ್ಲ ಕಳಿಸಿಕೊಟ್ಟರು.

ಊರು ಇದಕ್ಕೂ ಒಗ್ಗಿಕೊಂಡಿತು. ಔಷಧದ ಅಂಗಡಿಗಳು ಗಾಜಿನ ಗೂಡಿನೊಳಗೆ ಸೇರಿದವು. ಎದೆಯ ಕಾಯಿಲೆಯವರ ಮನೆಯ ಗೇಟಿಗೆ ಕೆಂಪು ಬಟ್ಟೆ ಕಟ್ಟಿ, ಹೊರಗಿನವರು ಬರಬಾರದೆಂದು ಸಾರಿದರು. ಮದುವೆಗಳಲ್ಲಿ ಅಕ್ಷತೆ ಎಸೆಯುವುದು ನಿಂತು, ದೂರದಿಂದ ಕೈ ಮುಗಿಯುವುದು ಶುರುವಾಯಿತು. ಔಷಧ ಕಂಪನಿಗಳ ಕೆಲಸಗಾರರಿಗೆ ತರಕಾರಿ ಮಾರುವವರೂ ಇರಲಿಲ್ಲ. ಬೋಳು ತಲೆ ಕಂಡರೆ ಮಕ್ಕಳು ಮನೆಯೊಳಗೆ ಓಡುತ್ತಿದ್ದರು. ಲಯರಿನ್ ಮಾತ್ರ ಎಲ್ಲಿಯೂ ಇರಲಿಲ್ಲ. ಯಾರ ಮನೆಯಲ್ಲಿ ಹಳೆಯ ಬಾಟಲಿ ಉಳಿದಿತ್ತೋ ಅದೇ ಅವರ ಆಯುಷ್ಯ. ವೈಜನಾಥನ ಬಳಿ ಇದ್ದದ್ದು ಒಂದು ಬಾಟಲಿ. ಅದಕ್ಕೊಂದು ಕಣ ಬೀಳಬಾರದೆಂದೇ ಜಗದೇವಿ ಚಳಿಗಾಲದಿಂದ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ಜಗದೇವಿ ಕೂರುತ್ತಿರಲಿಲ್ಲ. ಕುರ್ಚಿ ಇತ್ತು, ಅವಳಿಗೆ ಕೂರಲು ಆಗುತ್ತಿರಲಿಲ್ಲ. ಎರಡು ಪದರ ಗೋಡೆಯ ನಡುವೆ ನೀರು ಹರಿಯುವ ಗಾಜಿನ ಪಾತ್ರೆಗಳು ಸಾಲಾಗಿ ನಿಂತಿದ್ದವು. ಆ ನೀರು ಒಳಗಿನ ದ್ರವವನ್ನು ಬೇಕಾದಷ್ಟೇ ಬಿಸಿಯಲ್ಲಿ ಇಡುತ್ತಿತ್ತು. ದ್ರವಕ್ಕೆ ಗಟ್ಟಿ ಹರಳನ್ನು ಬೇಕಾದ್ದಕ್ಕಿಂತ ಹೆಚ್ಚು ಸುರಿಯುವುದು, ಇನ್ನು ಕರಗುವುದಿಲ್ಲ ಎನ್ನುವ ತನಕ ಕಲಕುವುದು, ತಳಕ್ಕೆ ಇಳಿಯಲು ಬಿಟ್ಟು ಮೇಲಿನ ತಿಳಿಯನ್ನು ಸೋಸಿ ಅದರಲ್ಲಿ ಎಷ್ಟು ಔಷಧವಿದೆ ನೋಡುವುದು. ಆಮೇಲೆ ಬಿಸಿ ಸ್ವಲ್ಪ ಏರಿಸಿ ಮತ್ತೆ ಅದೇ. ಬಿಸಿ ಏರಿದಂತೆ ಕರಗುವುದು ಎಷ್ಟು ಹೆಚ್ಚುತ್ತದೆ ಎನ್ನುವುದರಿಂದ ಹರಳು ಕರಗುವಾಗ ಎಷ್ಟು ಶಾಖ ಎಳೆದುಕೊಳ್ಳುತ್ತದೆ ಎಂಬ ಲೆಕ್ಕ ಸಿಗುತ್ತದೆ. ಅದು ಹರಳಿನ ಹಟದ ಅಳತೆ ಎನ್ನಬಹುದು.

ಬರೀ ನೀರಿನಲ್ಲಿ ಗಟ್ಟಿ ಕರಗಲಿಲ್ಲ. ಸ್ಪಿರಿಟ್‌ನಲ್ಲಿ ಕರಗಿತು, ಆದರೆ ಎದೆಯ ರೋಗಿಗೆ ದಿನಾ ಅಷ್ಟು ಸ್ಪಿರಿಟ್ ಕುಡಿಸಿದರೆ ಔಷಧವೇ ಬೇಕಾಗುವುದಿಲ್ಲ. ಸಿರಪ್ಪುಗಳಿಗೆ ಹಾಕುವ ಗ್ಲೈಕಾಲಿನಲ್ಲೂ ಹೇಳಿಕೊಳ್ಳುವಂಥದ್ದೇನಿಲ್ಲ. ಉಳಿದದ್ದು ಮಿಶ್ರಣಗಳು. ಒಂಟಿಯಾಗಿ ಕೈಲಾಗದ ಎರಡು ದ್ರವಗಳು ಜೊತೆಗೂಡಿ ಹರಳಿನ ಎರಡು ಬದಿಯನ್ನು ಹಿಡಿದು ಎಳೆದು ಬಿಡಿಸುವುದುಂಟು.

"ನೀರು, ಗ್ಲೈಕಾಲ್ ಕೂಡ್ಸಿದ್ದೂ ಆಯ್ತಲ್ಲ? ಎಲ್ಲಾ ದೇಶದವರೂ ನೋಡ್ಯಾರ, ಅದ್ರಾಗ ಏನೂ ಇಲ್ಲ," ಎಂದರು ಡಾಕ್ಟರ್ ಸಬಿಹಾ. ಪ್ರಯೋಗಾಲಯದ ಮುಖ್ಯಸ್ಥೆ. ಅವರ ತಲೆಯೂ ಬೋಳೇ, ಮೇಲೆ ಹತ್ತಿಯ ಟೊಪ್ಪಿಗೆ. "ಮ್ಯಾನೇಜ್‌ಮೆಂಟ್‌ನವ್ರು ಬ್ಯಾರೆ ದ್ರಾವಕ ಹಿಡಿ ಅಂತ ತಲಿ ತಿನ್ಲತ್ತಾರ."

"ಎಲ್ಲಾರೂ ಹತ್ತತ್ತರ ಮೆಟ್ಟಿಲ ಹತ್ಯಾರ ಮೇಡಂ. ನೂರು ಪಾಲಿಗಿ ಹತ್ತು ಪಾಲು ಗ್ಲೈಕಾಲ್, ಆಮ್ಯಾಲೆ ಇಪ್ಪತ್ತು, ಮೂವತ್ತು, ನಲ್ವತ್ತು. ನಡುವ ಯಾರೂ ಇಳದು ನೋಡಿಲ್ಲ."

"ನಡುವ ಏನ್ ಇರ್ತದ? ಗೆರಿ ಎಳದ್ರ ಗೊತ್ತಾಗ್ತದಲ್ಲ."

"ಗೆರಿ ಕೂಡ್ಲತ್ತಿಲ್ಲ, ಅದೇ ಗೋಳು," ಎಂದು ಜಗದೇವಿ ಪರದೆಯನ್ನು ಅವರ ಕಡೆ ತಿರುಗಿಸಿದಳು. "ಮೂವತ್ತು ಪಾಲಿನಾಗ ಹರಳು ಕರಗೋ ಮುಂದ ಶಾಖ ಎಳಕೊಳ್ತದ. ನಲ್ವತ್ತರಾಗ ಶಾಖ ಬಿಡ್ತದ. ಒಂದೇ ಹರಳು, ಹತ್ತು ಪಾಲಿನ ಅಂತರದಾಗ ಹಿಂಗ ತಿರುಗಿ ಬೀಳ್ತದಂದ್ರ ನಡುವ ಏನೋ ಆಗ್ಲಾಕೇ ಬೇಕು."

ಸಬಿಹಾ ಕನ್ನಡಕ ತೆಗೆದು ಒರೆಸಿದರು. ಒರೆಸಿದರೆಂದರೆ ಒಪ್ಪಿದರು ಎಂದು ಅರ್ಥ.

ಆಮೇಲೆ ಜಗದೇವಿಗೆ ಹಗಲು ಸಾಲಲಿಲ್ಲ. ಮೂವತ್ತೊಂದು, ಮೂವತ್ತೆರಡು ಎಂದು ಒಂದೊಂದೇ ಪಾಲು ಏರಿಸುತ್ತ ಹೋದಳು. ಒಂದು ಪಾತ್ರೆ ಕಲಕುತ್ತಿರುವಾಗ ಇನ್ನೊಂದರ ಮುಂದೆ, ಅದು ಇಳಿಯುವಾಗ ಮತ್ತೊಂದರ ಮುಂದೆ. ಕೈ ಬಿಡುವಾದರೆ ಗಂಡನಿಗೆ ಫೋನು.

"ಔಷಧ?"

"ತೊಗೊಂಡೆ."

"ಬಾಟ್ಲಿ?"

"ತಿಳಿ ಅದ. ನೀ ಊಟ ಮಾಡ್ದಿ?"

"ಧ್ವನಿ ಹಿಂಗ್ಯಾಕ ಬರ್ಲತ್ತದ?"

"ಮಕ್ಕೊಂಡಿದ್ದೆ. ನಿನಗ ಎಲ್ಲಾದ್ರಾಗೂ ಸಂಶಯ."

ಸಂಶಯವೇ ಅವಳ ಕಸುಬಾಗಿತ್ತು, ಏನು ಮಾಡುವುದು? ಆ ಸಂಜೆಯೇ ಓಡಿ ರಸ್ತೆಯ ಆಚೆ ನಿಂತು ಬಾಟಲಿ ತೋರಿಸಲು ಹೇಳಿದಳು. ಅವನು ಕಟ್ಟೆಯ ಮೇಲೆ ಕೂತಲ್ಲಿಂದಲೇ ಎತ್ತಿ ತೋರಿಸಿದ. ಗಾಜಿನಷ್ಟು ತಿಳಿ. ಅವಳು ನಿಟ್ಟುಸಿರು ಬಿಟ್ಟು ಮರಳಿದಳು. ಅವನು ಎದ್ದು ನಿಲ್ಲಲಿಲ್ಲ ಎಂಬುದು ಹಾಸ್ಟೆಲಿನ ಬಾಗಿಲಿನಲ್ಲಿ ನೆನಪಾಯಿತು. ಕೂತಲ್ಲಿ ಕೂರದ ಮನುಷ್ಯ. ದಣಿದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಮೂವತ್ನಾಲ್ಕನೆಯ ಪಾಲಿನಲ್ಲಿ, ಮೈಶಾಖದಲ್ಲಿ ಇಟ್ಟ ಪಾತ್ರೆಯೊಳಗೆ ತಳವೇ ಕಾಣಿಸಿತು. ಹಾಕಿದ ಪುಡಿ ಎಲ್ಲಿ? ಹಾಕಲು ಮರೆತೆನೇನೋ ಎಂದುಕೊಂಡು ಇನ್ನಷ್ಟು ಹಾಕಿದಳು. ಅದೂ ಹೋಯಿತು. ಮತ್ತಷ್ಟು ಹಾಕಿದಳು. ಮೂವತ್ಮೂರರಲ್ಲಿ ಹೀಗೆ ಕರಗಿರಲಿಲ್ಲ, ಮೂವತ್ತೈದರಲ್ಲಿ ಮತ್ತೆ ಕರಗಲಿಲ್ಲ. ಎಲ್ಲರೂ ದಾಟಿ ಹೋದ ಎರಡು ಮೆಟ್ಟಿಲ ನಡುವೆ ಸೂಜಿಮೊನೆಯಷ್ಟು ಜಾಗ, ಅಲ್ಲಿ ಮಾತ್ರ ಗಟ್ಟಿ ಹರಳು ತನ್ನ ಹಟ ಬಿಡುತ್ತಿತ್ತು.

ಜಗದೇವಿ ಕುಣಿಯಲಿಲ್ಲ. ಸಬಿಹಾ ಅವರನ್ನು ಕರೆದು, ಅವರ ಎದುರಿಗೇ ಆ ತಿಳಿಗೆ ಹೊಟ್ಟೆಯ ಹುಳಿಯಂಥ ದ್ರವ ಬೆರೆಸಿದಳು. ತೆಳುವಾದರೂ ತಿಳಿ ಕದಡಲಿಲ್ಲ, ಒಮ್ಮೆ ಬಿಟ್ಟ ಹಟವನ್ನು ಹರಳು ಮತ್ತೆ ಹಿಡಿಯಲಿಲ್ಲ. ಆಮೇಲೆ ಒಂದು ಚಿಟಿಕೆ ಗಟ್ಟಿ ಹರಳನ್ನು ಬೇಕೆಂದೇ ಅದರೊಳಗೆ ಉದುರಿಸಿದಳು. ಲೋಕವೆಲ್ಲ ಹೆದರಿ ಬಾಗಿಲು ಹಾಕಿಕೊಂಡು ಕೂತದ್ದು ಇದೇ ಚಿಟಿಕೆಗೆ. ಇಬ್ಬರೂ ಬಗ್ಗಿ ನೋಡಿದರು. ಪುಡಿ ಒಂದು ಸುತ್ತು ತಿರುಗಿ, ತೆಳುವಾಗಿ, ಮಾಯವಾಯಿತು.

ಹಳೆಯ ಔಷಧ ಕರಗಿದ್ದದ್ದು ಗಟ್ಟಿಯ ಮುಖ ನೋಡಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ನೋಡಿದ ಕೂಡಲೇ ಕೈಬಿಟ್ಟಿತು. ಇದು ನೋಡಿಯೂ ಕೈಬಿಡದ ಕರಗುವಿಕೆ. ಇದಕ್ಕೆ ಗಾಜಿನ ಗೂಡು ಬೇಡ, ಕೆಂಪು ಬಟ್ಟೆ ಬೇಡ, ಬೋಳು ತಲೆ ಬೇಡ. ಜಗದೇವಿಗೆ ಅಳು ಬಂತು, ಅತ್ತಳು. ಸಬಿಹಾ ಅವಳ ಬೆನ್ನು ತಟ್ಟಿದರು. ಆಮೇಲೆ ಮುಖ್ಯಸ್ಥೆಯ ದನಿಯಲ್ಲೇ ಹೇಳಿದರು:

"ಪ್ರಾಣಿ ಮ್ಯಾಲೆ ನೋಡ್ಬೇಕು, ಆಮ್ಯಾಲೆ ಗಟ್ಟಿಮುಟ್ಟು ಇದ್ದ ಮಂದಿ ಮ್ಯಾಲೆ. ಪರ್ಮಿಷನ್ ಎಲ್ಲಾ ಸೇರಿ ಬ್ಯಾಸಗಿ ಮುಗೀತದ. ಅಲ್ಲಿತನಾ ಒಂದ್ ಹನಿ ಈ ಬಾಗ್ಲಾ ದಾಟಂಗಿಲ್ಲ. ನಿಮ್ಮವ್ರ ಬಾಟ್ಲಿ ಬ್ಯಾಸಗಿತನಾ ಬರ್ತದಲ್ಲ?"

"ಬರ್ತದ ಮೇಡಂ. ಹಿಡದು ಹಿಡದು ತೊಗೊಳ್ಲತ್ತಾರ."

ಹಾಗೆಂದಳು ನಿಜ. ಮಧ್ಯಾಹ್ನ ಗಂಡನಿಗೆ ಸುದ್ದಿ ಹೇಳಲು ಹೊರಟಾಗ ಅವಳ ಚೀಲದಲ್ಲಿ ಮೂವತ್ನಾಲ್ಕರ ಒಂದು ಸೀಸೆ ಇತ್ತು. ಕಳ್ಳತನವೇ. ಯಾಕೆ ಹಾಕಿಕೊಂಡಳೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಆಟೋದವರು ಬೋಳು ತಲೆಯವಳನ್ನು ಹತ್ತಿಸಿಕೊಳ್ಳುವ ಮಾತೇ ಇರಲಿಲ್ಲ, ಬಿಸಿಲಲ್ಲಿ ಅರ್ಧ ನಡೆದು ಅರ್ಧ ಓಡಿದಳು. ಬಾಯಿಯಲ್ಲಿ ಮಾತು ತಯಾರಿತ್ತು: ಬ್ಯಾಸಗಿ ಮುಗೀಲಿ, ಆಮ್ಯಾಲೆ ಈ ಬೀದಿ ಸಂಸಾರ ಸಾಕು.

ರಸ್ತೆಯ ಆಚೆ ಬದಿ ತಲುಪಿ ಅವಳು ಬಾಯಿ ತೆರೆಯುವ ಮೊದಲೇ ವೈಜನಾಥ ಕಟ್ಟೆಯಿಂದ ಎದ್ದ. ಗೇಟಿನ ತನಕ ಬಂದ.

"ಅಲ್ಲೇ ನಿಂದ್ರಿ!"

ಅವನು ಚಿಲಕ ಎಳೆದ.

"ರೀ! ಹುಚ್ಚು ಹಿಡ್ದದೇನು? ಹಿಂದ್ ಸರೀರಿ!"

ಅವನು ಗೇಟನ್ನು ಪೂರ್ತಿ ತೆರೆದು ಕಂಬಕ್ಕೆ ಒರಗಿ ನಿಂತ. ತುಟಿ ನೀಲಿಯಾಗಿತ್ತು. ಮುಂದೆ ಬರಲು ಆಗದೆ ಅವಳ ಕಡೆ ಕೈ ಚಾಚಿದ.

ಜಗದೇವಿಗೆ ಅರ್ಥವಾಯಿತು. ಕಾಯಲು ಬಾಟಲಿ ಉಳಿದಿದ್ದರೆ ಈ ಮನುಷ್ಯ ಗೇಟು ತೆಗೆಯುತ್ತಿರಲಿಲ್ಲ. ಚಳಿಗಾಲದಿಂದ ದಾಟದ ರಸ್ತೆಯನ್ನು ಅವಳು ಹೇಗೆ ದಾಟಿದಳೋ, ಅವನ ತೋಳು ಹಿಡಿದಾಗಲೇ ಅವಳಿಗೆ ಎಚ್ಚರ.

"ಯಾವಾಗ?"

"ಅಮಾಸಿ ಮುಂದ."

"ಮತ್ತ ನೀವು ತೋರ್ಸಿದ್ದು?"

"ನಳದ ನೀರು," ಎಂದ. ನಗಲು ನೋಡಿದ. "ತಿಳಿ ಇತ್ತಲ್ಲ?"

ಅವಳು ಅವನ ತೋಳಿಗೆ ಒಂದು ಹೊಡೆದಳು. ಆಮೇಲೆ ಅದೇ ತೋಳನ್ನು ಹೆಗಲಿಗೆ ಹಾಕಿಕೊಂಡು ಒಳಗೆ ನಡೆಸಿದಳು. ಮೇಜಿನ ಮೇಲೆ ನಿಜವಾದ ಬಾಟಲಿ ಇತ್ತು. ತಳದಲ್ಲಿ ಬಿಳಿಯ ಚಪ್ಪಟೆ ಹರಳುಗಳು ಬೆರಳ ದಪ್ಪ ಕೂತಿದ್ದವು. ಇಷ್ಟು ದಿನ ಅವನು ಅದನ್ನೇ ಅಲ್ಲಾಡಿಸಿ ಅಲ್ಲಾಡಿಸಿ ಕುಡಿದಿದ್ದ.

"ನನಗ್ಯಾಕ ಹೇಳ್ಲಿಲ್ರಿ? ನಾ ಏನ್ ಸತ್ತಿದ್ನೇನು?"

"ಹೇಳಿದ್ರ ನೀ ಕೆಲ್ಸಾ ಬಿಟ್ಟು ಇಲ್ಲಿ ಅಳ್ತಾ ಕೂಡ್ತಿದ್ದಿ. ಅಲ್ಲಿ ಕಲಸೋರು ಯಾರು?"

"ಒಳಗ ಹ್ಯಾಂಗ ಬಂತು? ಯಾರು ಬಂದಿದ್ರು?"

ಅವನು ಮುಖ ತಿರುಗಿಸಿದ. ಮಂಚದ ಮೇಲೆ ಒಂದೇ ದಿಂಬು ಇತ್ತು, ಅದು ಅವಳದು. ಹಾಸ್ಟೆಲಿಗೆ ಹೋಗುವ ಹಿಂದಿನ ದಿನದವರೆಗೆ, ಹರಳು ಹೊತ್ತ ಕೂದಲನ್ನು ಹರಡಿಕೊಂಡು ಅವಳು ಮಲಗುತ್ತಿದ್ದ ದಿಂಬು. ಅವನದು ಅಟ್ಟದ ಮೇಲೆ ಬಿದ್ದಿತ್ತು.

"ನಿದ್ದಿ ಬರ್ತಿದ್ದಿಲ್ಲ," ಎಂದ ಮೆಲ್ಲಗೆ.

ಅವಳು ಬಯ್ಯಲಿಲ್ಲ. ಅವನ ಎದೆಗೆ ಕಿವಿ ಇಟ್ಟಳು. ಎರಡು ಬಡಿತ, ಒಂದು ಬಿಡುವು, ಮೂರು ಅವಸರದ ಬಡಿತ, ಮತ್ತೆ ಬಿಡುವು. ಬಿಡುವು ಬಂದಾಗಲೆಲ್ಲ ಅವಳ ಎದೆಯೂ ನಿಲ್ಲುತ್ತಿತ್ತು. ಆಸ್ಪತ್ರೆಗೆ ಕರೆದೊಯ್ದರೆ? ಅಲ್ಲಿ ಲಯರಿನ್ ಇಲ್ಲ. ಬೇರೆ ಯಾವುದೂ ಇವನಿಗೆ ಒಗ್ಗುವುದಿಲ್ಲ. ಒಂದು ಕೈಯಲ್ಲಿ ಸೀಸೆ ಹಿಡಿದು ಇನ್ನೊಂದರಲ್ಲಿ ಸಬಿಹಾ ಅವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಸಬಿಹಾ ಪೂರ್ತಿ ಕೇಳಿಸಿಕೊಂಡರು.

"ನಾ ಹೂಂ ಅನ್ನಂಗಿಲ್ಲ, ಜಗದೇವಿ. ಅನ್ಲಾಕ ಬರಂಗಿಲ್ಲ ನನಗ," ಎಂದರು ಸಬಿಹಾ. ಆಮೇಲೆ ಕೇಳಿದರು: "ಎಷ್ಟ್ ಕೊಡ್ತಿ?"

"ಇದು ಹಳೇ ಹನಿಗಿಂತ ತೆಳು, ಹಳೇ ಡೋಸಿನ ಲೆಕ್ಕಕ್ಕ ಎರಡು ಚಮಚ ಆಗ್ತದ."

"ಮೊದಲ ಅರ್ಧ ಚಮಚ ಕೊಡು. ನಾಡಿ ಬಿಡಬ್ಯಾಡ. ನಾ ಹಾರ್ಟಿನ ಡಾಕ್ಟರ್ನ ಕರಕೊಂಡೇ ಬರ್ತೀನಿ."

ಚಮಚ ತುಟಿಯ ಬಳಿ ಬಂದಾಗ ವೈಜನಾಥ ಅವಳ ಕೈ ಹಿಡಿದ. "ಇದು ಕರಗ್ಯದ ಅಂತ ಖಾತ್ರಿ ಅದ?"

"ಕರಗಿದ್ದು ಖಾತ್ರಿ. ನಿಮ್ಮ ಎದಿ ಕೇಳ್ತದಂತ ಖಾತ್ರಿ ಇಲ್ಲ."

"ಅಷ್ಟಾದ್ರೂ ಖರೇ ಹೇಳ್ದಿ," ಎಂದು ಬಾಯಿ ತೆರೆದ.

ಅವಳು ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಮಂಚದ ಅಂಚಿಗೆ ಕೂತಳು. ಎಷ್ಟೋ ತಿಂಗಳ ಮೇಲೆ ಅವಳು ಒಂದು ಕಡೆ ಕೂತದ್ದು. ನಾಡಿ ತಡವರಿಸಿತು, ಓಡಿತು, ಬೆರಳಿನಿಂದ ತಪ್ಪಿಸಿಕೊಂಡಿತು, ಸಿಕ್ಕಿತು. ಅರ್ಧ ಚಮಚ ಮತ್ತೆ ಕೊಟ್ಟಳು. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯಿತು. ಒಂದು ಬಿಡುವು ಬರಬೇಕಾದ ಕಡೆ ಬರಲಿಲ್ಲ. ಅವಳು ನಂಬಲಿಲ್ಲ. ಇನ್ನೊಂದೂ ಬರಲಿಲ್ಲ. ಬೆರಳು ತೆಗೆದರೆ ಎಲ್ಲಿ ನಿಂತುಹೋಗುತ್ತದೋ ಎಂದು ಇನ್ನೂ ಒತ್ತಿ ಹಿಡಿದಳು. ತುಟಿಯ ನೀಲಿ ತಿಳಿಯಾಗುತ್ತ ಬಂತು. ಅವನು ಕಣ್ಣು ತೆರೆದು ಅವಳ ಬೋಳು ತಲೆಯ ಮೇಲೆ ಅಂಗೈ ಇಟ್ಟ. ಅವಳು ತಪ್ಪಿಸಿಕೊಳ್ಳಲಿಲ್ಲ.

ಹೊರಗೆ ಏನೋ ಸದ್ದಾಯಿತು. ವೈಜನಾಥ ಕತ್ತು ಎತ್ತಿದ.

"ಗೇಟ್ ತೆಗದೇ ಬಿಟ್ಟು ಬಂದಿ ನೋಡು. ಯಾರ್ದೋ ಆಡು ಒಳಗ ಬಂದು ಕರಿಬೇವು ತಿನ್ಲತ್ತದ."

"ತಿನ್ಲಿ ಬಿಡ್ರಿ," ಎಂದಳು ಜಗದೇವಿ, ನಾಡಿ ಬಿಡದೆ. "ಯಾರ್ ಬೇಕಾದ್ರೂ ಬರ್ಲಿ."